ಒಣ ಸೌದೆಯ ಕೊಟ್ಟಿಗೆ

ನಮ್ಮಜ್ಜ ತೀರಿಕೊಂಡು ಎರಡು ವರ್ಷವಾಯಿತು. ಮಾಘದ ಬಿಸಿಲಿನಲ್ಲಿ ಊಟ ಮಾಡಿ ಅಡ್ಡಾದವರು ಹಾಗೆಯೇ ಹೋದರು. ಆದರೆ ಅದಕ್ಕೂ ನಾಲ್ಕು ವರ್ಷ ಮೊದಲೇ ಊರವರೆಲ್ಲ ಸೇರಿ ಅವರನ್ನು ಒಮ್ಮೆ ಸಾಯಿಸಿಬಿಟ್ಟಿದ್ದರು. ಅಜ್ಜನೆಂದರೆ ನನಗೆ ಮೊದಲು ನೆನಪಾಗುವುದು ಆ ದಿನವೇ.

ಕೊಟ್ಟಿಗೆಹಾರದಿಂದ ಒಳಗೆ ತಿರುಗಿ ಹೋದರೆ ನಮ್ಮ ಊರು. ನಮ್ಮದು ಸಣ್ಣ ಕಾಫಿ ತೋಟ. ತೋಟದ ಮೂಲೆಯಲ್ಲಿ ಅಜ್ಜ ಒಂದು ಸೌದೆ ಕೊಟ್ಟಿಗೆ ಕಟ್ಟಿಸಿದ್ದರು. ಕಿತ್ತು ಹಾಕಿದ ಹಳೇ ಕಾಫಿ ಗಿಡ, ಗಿಡಗಳ ಮೇಲಿನ ನೆರಳು ಕಡಿಮೆ ಮಾಡಲು ಕಡಿದ ಸಿಲ್ವರ್ ಓಕ್ ದಿಮ್ಮಿ, ಎಲ್ಲವನ್ನೂ ಬೇಸಿಗೆಯಲ್ಲಿ ಸೀಳಿಸಿ, ಒಣಗಿಸಿ, ಅಲ್ಲಿ ಪೇರಿಸಿಡುತ್ತಿದ್ದರು. ನಮ್ಮ ಬಚ್ಚಲೊಲೆಗೆ ಅದರಲ್ಲಿ ಒಂದು ಚಕ್ಕೆಯನ್ನೂ ಮುಟ್ಟುವಂತಿರಲಿಲ್ಲ. ಮಳೆಗಾಲದಲ್ಲಿ ಊರಿನಲ್ಲಿ ಯಾರೇ ಸತ್ತರೂ ಸುಡಲು ಅದೇ ಸೌದೆ.

"ಹಸಿ ಸೌದೆ ಹಾಕಿ ಹೆಣ ಅರೆಬೆಂದ್ರೆ ಅದು ಸತ್ತೋರಿಗಲ್ಲ, ಊರಿಗೇ ಅವಮಾನ" ಎನ್ನುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ, ಜಗಳವನ್ನೂ ನೆನೆಯುತ್ತಿರಲಿಲ್ಲ. ಬೇಲಿ ತಕರಾರಿನಲ್ಲಿ ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ತೋಟದವರ ಮನೆಗೂ ತಾವೇ ಜೀಪಿನಲ್ಲಿ ಹೇರಿಕೊಂಡು ಹೋದರು. ಬಯಲುಸೀಮೆಯಿಂದ ಕೆಲಸಕ್ಕೆ ಬಂದು, ಹಿಂದುಮುಂದು ಯಾರೂ ಇಲ್ಲದೆ ತೀರಿಕೊಂಡ ಆಳೊಬ್ಬನ ಚಿತೆ ಪೂರ್ತಿ ಉರಿಯುವವರೆಗೂ ಕೊಡೆ ಹಿಡಿದು ಕಲ್ಲಿನ ಮೇಲೆ ಕೂತಿದ್ದರು.

ಅಂಥ ಕೊಟ್ಟಿಗೆಯನ್ನು ಖಾಲಿ ಮಾಡಿದವಳು ನಾನು. ಆ ಮೇ ತಿಂಗಳಲ್ಲಿ ನಮ್ಮ ಅಂಗಳದಲ್ಲೇ ನನ್ನ ನಿಶ್ಚಿತಾರ್ಥ. ನೆಂಟರನ್ನು ಕರೆತರಲು ಅಜ್ಜ ಕಳಸಕ್ಕೆ ಹೋಗಿದ್ದರು. ಅಡುಗೆಗೆ ತರಿಸಿದ್ದ ಸೌದೆ ಹಸಿ. ಭಟ್ಟರು ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಗೊಣಗಿದರು. ಮದುಮಗಳ ಗತ್ತು ನೋಡಿ ನನಗೆ, ಹೋಗಿ ಕೊಟ್ಟಿಗೆ ಬಾಗಿಲು ತೆಗೆಸಿದೆ.

"ಶುಭಕಾರ್ಯಕ್ಕೆ ಆ ಸೌದೆನಾ? ಬುದ್ಧಿ ಇದ್ಯಾ ನಿಂಗೆ?" ಎಂದು ಅಮ್ಮ ಬೈದರು.

"ಯಾವ ಒಲೆಗೆ ಹೋಗ್ತೀನಿ ಅಂತ ಸೌದೆಗೆ ಗೊತ್ತಾಗುತ್ತಾ?" ಎಂದೆ. ಊರಿಗೆ ಊರೇ ಉಂಡಿತು. ಸಂಜೆಗೆ ಒಂದು ಕೊರಡೂ ಉಳಿದಿರಲಿಲ್ಲ.

ಅಜ್ಜ ಬಂದು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಎಂಬತ್ತೆರಡರ ವಯಸ್ಸಿನಲ್ಲಿ ಮರುವಾರದಿಂದಲೇ ಮತ್ತೆ ದಿಮ್ಮಿ ಸೀಳಿಸತೊಡಗಿದರು. ಕಾಲು ಭಾಗವೂ ತುಂಬಿರಲಿಲ್ಲ, ಮಳೆ ಹಿಡಿಯಿತು. ಹೊರಗೆ ಹರಡಿದ್ದ ಸೌದೆಗೆ ಟಾರ್ಪಾಲು ಹೊದಿಸಲು ಓಡಿ, ತಾವು ತೊಯ್ದು ತೊಪ್ಪೆಯಾಗಿ ಬಂದರು. ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಮನೆಗೆ ಬೀಗ ಹಾಕಿ ಅಪ್ಪ, ಅಮ್ಮ, ನಾನು ಮೂವರೂ ಅವರನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಒಯ್ದೆವು. ನಾಲ್ಕನೇ ದಿನ ಡಾಕ್ಟರು ಅಪ್ಪನನ್ನು ಹೊರಗೆ ಕರೆದು, "ಹೇಳ್ಬೇಕಾದವ್ರಿಗೆ ಹೇಳ್ಬಿಡಿ" ಎಂದರು.

ನನಗೆ ಬಂದ ಯೋಚನೆಯನ್ನು ಬರೆಯಲು ಈಗಲೂ ನಾಚಿಕೆ. ಅಜ್ಜ ಈಗ ಹೋದರೆ ಅವರನ್ನು ಯಾವುದರಲ್ಲಿ ಸುಡುವುದು? ಊರಿಗೆಲ್ಲ ಒಣ ಸೌದೆ ಕೊಟ್ಟವರು ನನ್ನಿಂದಾಗಿ ಹಸಿ ಸೌದೆಯಲ್ಲಿ ಹೊಗೆಯಾಡಬೇಕು. ಮಲಗಿದರೂ ಅದೇ, ಎದ್ದರೂ ಅದೇ. ಕಾಯಿಲೆಯೂ ನನ್ನಿಂದಲೇ ಬಂದದ್ದು ಎನ್ನುವುದು ಬೇರೆ.

ಅಜ್ಜ ಗಟ್ಟಿಪಿಂಡ. ಏಳನೇ ದಿನ ಕಣ್ಣು ಬಿಟ್ಟರು, ಹನ್ನೆರಡನೇ ದಿನ ಮನೆಗೆ ಕಳಿಸಿದರು. ಕೂರಲು ತ್ರಾಣವಿರಲಿಲ್ಲವೆಂದು ಆಂಬುಲೆನ್ಸಿನಲ್ಲೇ ಕರೆತಂದೆವು. ನಾವು ಮಾಡಿದ ತಪ್ಪು ಅದೇ. ನಮ್ಮ ಕಡೆ ಆಂಬುಲೆನ್ಸ್ ಪೇಟೆಗೆ ಹೋಗುವಾಗ ಕೂಗಿಕೊಂಡು ಹೋಗುತ್ತದೆ. ಸದ್ದಿಲ್ಲದೆ ಊರ ಕಡೆ ವಾಪಸು ಬಂದರೆ ಒಳಗಿರುವುದು ಹೆಣವೆಂದೇ ಲೆಕ್ಕ. ಕೊಟ್ಟಿಗೆಹಾರದಲ್ಲಿ ಅಪ್ಪ ಕಾಫಿಗೆ ಇಳಿದದ್ದನ್ನು ನಮ್ಮೂರಿನ ಯಾರೋ ನೋಡಿದರಂತೆ. ಹತ್ತಿರ ಬಂದು, "ಹೋದ್ರಾ?" ಎಂದು ಯಾರಾದರೂ ಕೇಳುವುದುಂಟೇ? ದೂರದಿಂದಲೇ ಕೈ ಮುಗಿದು ಊರಿಗೆ ಫೋನ್ ಮಾಡಿದರು.

ನಾವು ಮನೆ ಮುಟ್ಟುವಷ್ಟರಲ್ಲಿ ಅಂಗಳದ ತುಂಬ ಜನ. ಎಲ್ಲರ ಹೆಗಲ ಮೇಲೂ ಸೌದೆ. ಕೊಟ್ಟಿಗೆ ಖಾಲಿಯೆಂದು ಊರಿಗೇ ಗೊತ್ತಿತ್ತಲ್ಲ, ಮಳೆಗಾಲ ಕಳೆಯಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಕೊಂಡಿದ್ದನ್ನೇ ಮನೆಮನೆಯಿಂದ ಇಳಿಸಿ ತಂದಿದ್ದರು. ಬೇಲಿ ಜಗಳದವರು ಎರಡು ದಪ್ಪ ಕೊರಡು ಹೊತ್ತು ನಿಂತಿದ್ದರು.

ಆಂಬುಲೆನ್ಸಿನ ಹಿಂಬಾಗಿಲು ತೆಗೆದದ್ದೇ ಅಜ್ಜ ತಲೆಯೆತ್ತಿದರು. ಸೌದೆ ನೋಡಿ ಗಾಬರಿಯಾದರು.

"ಯಾರು ಹೋಗಿದ್ದು?"

ಮುಂದೆ ನಿಂತಿದ್ದವರು ಹೆಗಲ ಸೌದೆಯನ್ನು ಬೆನ್ನ ಹಿಂದೆ ಸರಿಸಿದರು.

"ಮಾತಾಡ್ರೋ! ಕೊಟ್ಟಿಗೆ ಬೇರೆ ಖಾಲಿ ಇದೆ. ಇಷ್ಟು ಸಾಲುತ್ತಾ?"

ಮೆಣಸಿನ ವ್ಯಾಪಾರದ ಸಾಹೇಬರು, ಅಜ್ಜನ ಹಳೆಯ ಸ್ನೇಹಿತರು, ಕಂಕುಳಲ್ಲಿ ಟಾರ್ಪಾಲು ಇಟ್ಟುಕೊಂಡು ಮುಂದೆ ಬಂದರು. "ಗೌಡ್ರೇ, ತಪ್ಪು ತಿಳ್ಕೋಬೇಡಿ. ನೀವೇ ಅಂತ ಬಂದ್ವಿ."

ಅಜ್ಜ ಒಂದು ಕ್ಷಣ ಪಿಳಿಪಿಳಿ ನೋಡಿದರು. ಆಮೇಲೆ ನಗು, ನಗುವಿನ ಹಿಂದೆಯೇ ಕೆಮ್ಮು. "ಅಯ್ಯೋ ಮಾರಾಯ್ರಾ, ಇಷ್ಟೆಲ್ಲ ಹೊತ್ಕಂಡ್ ಬಂದ್ರಲ್ಲ. ಈಗ ಸಾಯ್ಲೇಬೇಕಾ ನಾನು?"

ಅಂಗಳಕ್ಕೆ ಅಂಗಳವೇ ನಕ್ಕಿತು. ಅಳುತ್ತಿದ್ದ ಒಬ್ಬ ಮುದುಕಿ, "ಸುಳ್ಳು ಸಾವಿನ ಸುದ್ದಿ ಬಂದ್ರೆ ಆಯಸ್ಸು ಗಟ್ಟಿ, ಬಿಡಿ" ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು. ಸೌದೆ ವಾಪಸು ಒಯ್ಯಿರೆಂದು ಅಪ್ಪ ಎಷ್ಟು ಹೇಳಿದರೂ ಒಬ್ಬರೂ ಒಪ್ಪಲಿಲ್ಲ. ಸಾವಿಗೆಂದು ಮನೆಯಿಂದ ಇಳಿಸಿದ ಸೌದೆ ತಿರುಗಿ ಅಡುಗೆ ಒಲೆಗೆ ಹೋಗಬಾರದು. ಎಲ್ಲರೂ ಸಾಲಾಗಿ ಹೋಗಿ ಕೊಟ್ಟಿಗೆಯಲ್ಲೇ ಪೇರಿಸಿದರು. ಮಾಡು ಮುಟ್ಟುವವರೆಗೂ ತುಂಬಿತು.

ಜನ ಹೋದ ಮೇಲೆ ನಾನು ಅಜ್ಜನ ಮಂಚದ ಬಳಿ ಕೂತು ಎಲ್ಲವನ್ನೂ ಒದರಿದೆ. ನನ್ನ ಗತ್ತಿಗೆ ನೀವು ಸಾಯುತ್ತಿದ್ದಿರಿ ಎಂದೆ.

"ನೆಂದಿದ್ದು ನನ್ನ ಹಟಕ್ಕೆ ಕಣೇ. ಬಟ್ಟೆ ಬದ್ಲಾಯ್ಸಿ ಅಂತ ನಿಮ್ಮಮ್ಮ ಮೂರು ಸಲ ಹೇಳಿದ್ಲು, ಕೇಳ್ಲಿಲ್ಲ. ಇನ್ನು ಸೌದೆ, ಊರಿಗೆ ಅಂತ ಇಟ್ಟಿದ್ದು. ಊರೇ ಉಣ್ತಲ್ಲ, ಅದಕ್ಯಾಕೆ ಅಳ್ತೀಯ?" ಎಂದರು. ಕಂಬಳಿ ಎಳೆದುಕೊಂಡು, "ಗಂಜಿ ಕೊಡ್ತೀಯಾ? ಹಸಿವಾಗ್ತಿದೆ" ಎಂದರು.

ಹನ್ನೆರಡು ದಿನದಲ್ಲಿ ಅವರಾಗಿ ಬಾಯಿಬಿಟ್ಟು ಕೇಳಿದ ಮೊದಲ ಊಟ ಅದು. ಒಲೆ ಹಚ್ಚಲು ಹೋದೆ. ಸಂತೋಷದ ಅವಸರಕ್ಕೆ ಎರಡು ಕಡ್ಡಿ ಆರಿಹೋದವು.