ನನ್ನ ಶೂಟಿಂಗ್ ಪರವಾನಗಿ ಓದಿದ ಆಯಿ

ದೋಸ್ತರ, ಇವತ್ತ ಮುಂಜಾನೆ ಸದಲಗಾದ ಹೊಳಿ ಘಾಟಿನ್ಯಾಗ ಒಂದು ಜೋಡಿದು ಪ್ರಿವೆಡ್ಡಿಂಗ್ ಶೂಟಿಂಗ್ ಇತ್ತು. ನೀರಾಗ ಒಬ್ಬ ಆಯಿ ಎಮ್ಮಿ ಮೈ ತಿಕ್ಕಾಕತ್ತಿದ್ಳು. ನನ್ನ ಕ್ಯಾಮೆರಾದಾಗ ಮದಿಮಗಳ ಹಿಂದ ಬರೇ ಎಮ್ಮಿನ ಕಾಣತಿತ್ತು.

"ಆಯಿ, ಎಮ್ಮಿ ಹೊಡಕೊಂಡು ಸ್ವಲ್ಪ ಆಕಡೆ ಹೋಗ್ರಿ. ಇಲ್ಲಿ ಶೂಟಿಂಗ್ ಮಾಡಾಕ ನನಗ ಸರಕಾರಿ ಪರವಾನಗಿ ಐತಿ," ಅಂತ ಸೊಕ್ಕಿಲೆ ಕಾಗದ ತೋರಿಸಿದೆ.

"ತಾ ಇಲ್ಲೆ," ಅಂದ್ಳು. ಕೈ ಸೆರಗಿಗೆ ಒರಸಿಕೊಂಡು, ಬೆರಳಿಟ್ಟು ಒಂದೊಂದ ಸಾಲು ಓದಿದ್ಳು. ಕಡೀ ಸಾಲಿಗೆ ಬೆರಳು ನಿಂತಿತು.

"'ಸಾರ್ವಜನಿಕರಿಗೆ ತೊಂದರೆ ಆಗಬಾರದು' ಅಂತ ಬರದಾರಲ್ಲೋ ತಮ್ಮಾ. ಇಲ್ಲೆ ಸಾರ್ವಜನಿಕರಂದ್ರ ನಾ ಒಬ್ಬಾಕಿನ. ನನಗ ತೊಂದರೆ ಆಗಾಕತ್ತೈತಿ."

ಮದಿಮಗಳು ಚಪ್ಪಾಳಿ ಹೊಡದ್ಳು. ಎಮ್ಮಿ ಜಳಕ ಮುಗಿಯೂತನಕ ನಾವೆಲ್ಲಾರೂ ದಂಡಿ ಮ್ಯಾಲ ಕುಂತ್ವಿ. ಇಷ್ಟು ಬರೋಬ್ಬರಿ ಕಾಗದ ಓದೋ ವಕೀಲರನ್ನೂ ನಾ ನೋಡಿಲ್ಲರಿ.

ಆ ಪರವಾನಗಿಗೆ ಹದಿನೈದು ದಿನ ಕಚೇರಿಗೆ ಅಡ್ಡಾಡಿದ್ದೆ. ಕೈಗೆ ಸಿಕ್ಕ ದಿನಾನ ಲ್ಯಾಮಿನೇಶನ್ನೂ ಮಾಡಿಸಿದ್ದೆ. ಓದೂದೊಂದ ಉಳದಿತ್ತು.