ಬೋರ್ಡಕ್ಕನ ಒಂಟಿ ಸವಾರಿ

ಒಬ್ಬರೇ ಹೋಗುತ್ತೇವೆ ಎಂದವರಿಗೆ ಸಿಕ್ಕಷ್ಟು ಜೊತೆಗಾರರು, ಯಾರಾದರೂ ಜೊತೆಗೆ ಬನ್ನಿ ಎಂದು ಅಂಗಲಾಚಿದವರಿಗೂ ಸಿಕ್ಕುವುದಿಲ್ಲ. ಅನುಮಾನವಿದ್ದರೆ ಬೋರ್ಡಕ್ಕನನ್ನು ಕೇಳಬಹುದು. ಸಿಟ್ಟು ಇಳಿದಿರುವ ಹೊತ್ತು ನೋಡಿಕೊಂಡು ಕೇಳಬೇಕು, ಅಷ್ಟೇ.

ಬೋರ್ಡಕ್ಕ ಎಂದರೆ ಊರಿನ ದೊಡ್ಡ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂರುವವಳು. ಹೊರಗಿನಿಂದ ಬಂದ ಕರೆಯನ್ನು ಒಳಗಿನ ಮನುಷ್ಯನಿಗೆ ಮುಟ್ಟಿಸುವುದು ಅವಳ ಕೆಲಸ. ಹೇಳುವುದಕ್ಕೆ ಸುಲಭ. ಒಳಗಿನ ಮನುಷ್ಯ ಇರಬೇಕಾದ ಜಾಗದಲ್ಲಿ ಇದ್ದರೆ ತಾನೇ? ಮೂಳೆ ಡಾಕ್ಟರು ತಲೆ ಕೆಟ್ಟಾಗ ಔಷಧದ ಉಗ್ರಾಣದ ಹಿಂದೆ ನಿಂತು ಸಿಗರೇಟು ಸೇದುತ್ತಾರೆ. ಹೆರಿಗೆ ವಾರ್ಡಿನ ಹಿರಿಯ ನರ್ಸು ಮಧ್ಯಾಹ್ನ ಬಟ್ಟೆ ಒಗೆಯುವ ಕೋಣೆಯ ಬೆಚ್ಚಗಿನ ಮೂಲೆಯಲ್ಲಿ ಕಣ್ಣು ಮುಚ್ಚುತ್ತಾಳೆ. ಆಡಳಿತಾಧಿಕಾರಿ ಮೀಟಿಂಗಿನಲ್ಲಿದ್ದಾರೆ ಎಂದರೆ ಕ್ಯಾಂಟೀನಿನಲ್ಲಿದ್ದಾರೆ ಎಂದೇ ಅರ್ಥ. ಯಾರು ಎಲ್ಲಿ ಅವಿತುಕೊಳ್ಳುತ್ತಾರೆ ಎನ್ನುವುದು ಬೋರ್ಡಕ್ಕನಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ಕರೆ ಬಂತೆಂದರೆ ಆಸಾಮಿಯನ್ನು ಹುಡುಕಿ ಹಿಡಿದು ಫೋನಿಗೆ ತಂದು ನಿಲ್ಲಿಸುತ್ತಾಳೆ.

ಹೀಗೆ ಊರವರನ್ನೆಲ್ಲ ಹುಡುಕಿ ಕೊಡುತ್ತ ಕೊಡುತ್ತ ಅವಳಿಗೆ ಒಂದು ಆಸೆ ಹುಟ್ಟಿತು. ತಾನು ಮಾತ್ರ ಯಾರಿಗೂ ಸಿಗದ ಹಾಗೆ ಒಂದಷ್ಟು ದಿನ ಇರಬೇಕು. ವೈರಾಗ್ಯ ಗಿರಾಗ್ಯ ಏನಿಲ್ಲ. ಹುಟ್ಟಿದ್ದು ತುಂಬಿದ ಮನೆಯಲ್ಲಿ, ಮಲಗಿದ್ದು ಅಕ್ಕತಂಗಿಯರ ಕಾಲುಗಳ ನಡುವೆ. ಆಮೇಲೆ ಹಾಸ್ಟೆಲು, ಆಮೇಲೆ ಗಂಡ, ಆಮೇಲೆ ಮಗಳು. ಮಗಳು ಓದಲು ಬೇರೆ ಊರಿಗೆ ಹೋದಮೇಲೆ ಮನೆ ಖಾಲಿಯಾಗುವುದಿರಲಿ, ದಿನಕ್ಕೆ ಮೂರು ಸಲ 'ಅಮ್ಮಾ ಎಲ್ಲಿದ್ದೀಯ' ಎಂದು ಮೊಬೈಲು ಹೊಡೆದುಕೊಳ್ಳಲು ಶುರುವಾಯಿತು. ತಾನು ಎಲ್ಲಿದ್ದೇನೆ ಎಂದು ಯಾರಿಗೂ ಗೊತ್ತಿಲ್ಲದ ಒಂದು ರಾತ್ರಿಯನ್ನು ಬೋರ್ಡಕ್ಕ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

ಅವಳ ಹತ್ತಿರ ಒಂದು ಮೋಟಾರ್‌ಸೈಕಲ್ ಇತ್ತು. ಎಕ್ಸ್‌ರೇ ವಿಭಾಗದವರೊಬ್ಬರು ಬೆನ್ನುನೋವು ಬಂತೆಂದು ಮಾರಿದ ಗಾಡಿ. ಗುಡುಗುಡು ಸದ್ದು, ಭಾರಿ ತೂಕ, ಆದರೆ ಒಂದು ದಿನವೂ ನಡುರಸ್ತೆಯಲ್ಲಿ ಕೈ ಕೊಟ್ಟದ್ದಿಲ್ಲ. ಅದರಲ್ಲೇ ಕೆಲಸಕ್ಕೆ ಹೋಗಿಬರುತ್ತಿದ್ದಳು. ಚಳಿಗಾಲದ ಜ್ವರ ಕೆಮ್ಮುಗಳ ನೂಕುನುಗ್ಗಲು ಕರಗಿ, ಬಿಸಿಲು ಇನ್ನೂ ಬಲಿಯದೆ, ಮರಗಳು ಚಿಗುರುವ ಹೊತ್ತಿಗೆ ರಜೆ ಹಾಕಿ, ದೇಶದ ಈ ತುದಿಯಿಂದ ಆ ತುದಿಗೆ ಒಬ್ಬಳೇ ಹೋಗಿಬರುವುದು ಎಂದು ತೀರ್ಮಾನಿಸಿದಳು. ತೀರ್ಮಾನಿಸಿದ್ದು ತಪ್ಪಲ್ಲ. ಮನೆಯಲ್ಲಿ ಬಾಯಿಬಿಟ್ಟದ್ದು ತಪ್ಪು.

ಗಂಡ ಅದೇ ಆಸ್ಪತ್ರೆಯಲ್ಲಿ ಲಿಫ್ಟು ನೋಡಿಕೊಳ್ಳುವ ಮೇಸ್ತ್ರಿ. ಒಳ್ಳೆಯ ಮನುಷ್ಯ, ಅದೇ ತೊಂದರೆ. ಲಿಫ್ಟಿನ ತೊಟ್ಟಿಲನ್ನು ಹೊರಲು ಒಂದೇ ಉಕ್ಕಿನ ಹಗ್ಗ ಸಾಕಂತೆ, ಆದರೂ ಐದಾರು ಹಾಕುತ್ತಾರಂತೆ. ಒಂದು ಹರಿದರೆ ಇನ್ನೊಂದು. ಈ ತತ್ವವನ್ನು ಅವನು ಲಿಫ್ಟಿನ ಗುಂಡಿಯಿಂದ ಮೇಲೆ ತಂದು ಸಂಸಾರಕ್ಕೂ ಹಚ್ಚಿದ್ದ. ಮನೆಯಲ್ಲಿ ಮೂರು ಟಾರ್ಚು, ನಾಲ್ಕು ಕೊಡೆ. ಬೀಗದ ಕೈಯನ್ನು ಎಷ್ಟು ಮನೆಯವರ ಹತ್ತಿರ ಕೊಟ್ಟಿಟ್ಟಿದ್ದನೆಂದರೆ, ಬೀಗ ಹಾಕುವುದಕ್ಕೇ ಅರ್ಥವಿರಲಿಲ್ಲ.

ಹೆಂಡತಿ ಒಬ್ಬಳೇ ಹೋಗುತ್ತೇನೆ ಎಂದಾಗ ಮೇಸ್ತ್ರಿ ಬೇಡವೆನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ತುಂಬಾ ಒಳ್ಳೆಯದು ಎಂದ, ಮಾರನೆಯ ದಿನವೇ ಒಂದು ದೊಡ್ಡ ಭೂಪಟ ತಂದು ಅಡುಗೆಮನೆಯ ಗೋಡೆಗೆ ಅಂಟಿಸಿದ, ಗುಂಡುಪಿನ್ನು ಚುಚ್ಚತೊಡಗಿದ. ಇಲ್ಲಿ ಚಿಕ್ಕಪ್ಪನ ಮಗಳಿದ್ದಾಳೆ, ರಾತ್ರಿ ತಂಗು. ಇಲ್ಲಿ ನನ್ನ ಜೊತೆ ಕೆಲಸ ಕಲಿತವನಿದ್ದಾನೆ, ದೊಡ್ಡ ಹೋಟೆಲಿನ ಲಿಫ್ಟು ಅವನದೇ, ಊಟಕ್ಕೆ ನಿಲ್ಲು. ಈ ಊರಿನಲ್ಲಿ ಯಾರೂ ಇಲ್ಲವಲ್ಲ ಎಂದು ಎರಡು ದಿನ ಕೊರಗಿ, ಕೊನೆಗೆ ಸೋದರತ್ತೆಯ ಅಳಿಯನ ಸ್ನೇಹಿತನನ್ನು ಪತ್ತೆಹಚ್ಚಿ ಅಲ್ಲಿಯೂ ಚುಚ್ಚಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರೆ. ಇಲ್ಲಿ ಕುಲಾವಿ ಹೊಲಿಯಲು ಊರೂರಿಗೆ ದರ್ಜಿಗಳು ಸಿದ್ಧರಾಗಿದ್ದರು.

ಸುದ್ದಿ ಹಬ್ಬಿತು, ಫೋನು ಶುರುವಾಯಿತು. ಹೇಗೂ ಆ ಕಡೆ ಬರ್ತೀಯಲ್ಲ, ನಮ್ಮ ಹುಡುಗನಿಗೆ ಹಳೆಯ ಸ್ವೆಟರು ತಂದುಕೊಡು. ಹೇಗೂ ಬರ್ತೀಯಲ್ಲ, ಎರಡು ದಿನ ಇದ್ದು ಹೋಗು, ನನ್ನ ಮಂಡಿ ಆಪರೇಷನ್ನಿನ ವಿಷಯ ನಿಮ್ಮ ಡಾಕ್ಟರನ್ನು ಕೇಳಿಕೊಂಡು ಬಾ. ಒಬ್ಬರಿಗೆ ಇಲ್ಲವೆಂದು ಫೋನಿಟ್ಟರೆ, ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲಿ ಎನ್ನುವಂತೆ ಇನ್ನೊಬ್ಬರು. ದಿನವಿಡೀ ಆಸ್ಪತ್ರೆಯಲ್ಲಿ ಫೋನು, ಸಂಜೆ ಮನೆಯಲ್ಲಿ ಫೋನು. ಬೋರ್ಡಕ್ಕನಿಗೆ ತಲೆ ಚಿಟ್ಟು ಹಿಡಿಯಿತು.

ಒಂದು ಸಂಜೆ ಭೂಪಟದ ಮುಂದೆ ನಿಂತು ನೋಡಿದಳು. ತಾನು ಹೋಗಬೇಕೆಂದಿದ್ದ ಬೆಟ್ಟದ ದಾರಿಯಲ್ಲಿ ಒಂದು ಪಿನ್ನೂ ಇರಲಿಲ್ಲ, ಏಕೆಂದರೆ ಅಲ್ಲಿ ನೆಂಟರಿರಲಿಲ್ಲ. ಅದು ನೆಂಟರ ಮನೆಗಳ ನಕ್ಷೆಯಾಗಿತ್ತು, ನಡುನಡುವೆ ಪೆಟ್ರೋಲ್ ಬಂಕುಗಳು. ಆಗ ಅವಳು ಕೂಗಾಡಿದ ರೀತಿಗೆ ಪಕ್ಕದ ಮನೆಯವರು ಟಿವಿಯ ಸದ್ದು ತಗ್ಗಿಸಿ ಕೇಳಿಸಿಕೊಂಡರು. ಮೇಸ್ತ್ರಿ ತಲೆ ತಗ್ಗಿಸಿ, ಸರಿ, ನಿನಗೆ ಬೇಕಾದ ದಾರಿಯಲ್ಲೇ ಹೋಗು, ನಾನು ಅಡ್ಡ ಬರುವುದಿಲ್ಲ ಎಂದ. ಇಷ್ಟು ಸುಲಭಕ್ಕೆ ಒಪ್ಪಿದನಲ್ಲ ಎಂದು ಅವಳಿಗೆ ಆಗಲೇ ಅನುಮಾನ ಬರಬೇಕಿತ್ತು. ದಣಿದಿದ್ದಳು, ಬರಲಿಲ್ಲ.

ಹೊರಡುವುದಕ್ಕೆ ಒಂದು ವಾರವಿರುವಾಗ, ರಜೆ ಹೊಂದಿಸಲೆಂದು ಅವಳು ಬೆಳಗಿನ ಪಾಳಿಯನ್ನು ಜೊತೆಯವಳಿಗೆ ಕೊಟ್ಟು ಮಧ್ಯಾಹ್ನದ ಪಾಳಿ ತೆಗೆದುಕೊಂಡಿದ್ದಳು. ಹೊರಗಿನ ಲೈನು ಬಡಿದುಕೊಂಡಿತು. ಎತ್ತಿ, ಬೋರ್ಡಿಗೆಂದೇ ಇಟ್ಟುಕೊಂಡಿದ್ದ ಆ ನುಣುಪು ದನಿಯಲ್ಲಿ ನಮಸ್ಕಾರ ಎಂದಳು. ಆ ದನಿಗೂ ಅವಳ ಮನೆಯ ದನಿಗೂ ಸಂಬಂಧವಿಲ್ಲ. ಒಮ್ಮೆ ಹೆತ್ತ ತಾಯಿಯೇ ಗುರುತು ಹಿಡಿಯದೆ, ನನ್ನ ಮಗಳಿಗೆ ಸ್ವಲ್ಪ ಫೋನು ಕೊಡಮ್ಮ ಎಂದಿದ್ದಳು.

ಆ ತುದಿಯಲ್ಲಿ ಇದ್ದವನು ಅವಳ ಸ್ವಂತ ತಮ್ಮ. ಸಾಮಾನು ಸಾಗಿಸುವ ಬಾಡಿಗೆ ವ್ಯಾನು ಓಡಿಸುವವನು, ದಾರಿಯಲ್ಲಿ ಟೋಲಿನವರಿಗೂ ಮನೆಯ ಕಥೆ ಹೇಳುವವನು. ಲಿಫ್ಟಿನ ಮೇಸ್ತ್ರಿ ಬೇಕಿತ್ತು ಮೇಡಂ ಎಂದ. ಮೇಸ್ತ್ರಿಯ ಯಂತ್ರದ ಕೋಣೆಯಲ್ಲಿ ಮೊಬೈಲು ಹಿಡಿಯುವುದಿಲ್ಲ. ಅವನು ಬೇಕಾದವರು ಬೋರ್ಡಿನ ಮೂಲಕವೇ ಬರಬೇಕು. ಬೆಳಗಿನ ಹೊತ್ತು ಬೋರ್ಡಿನಲ್ಲಿ ಅಕ್ಕ ಇರುತ್ತಾಳೆಂದು ಮಧ್ಯಾಹ್ನ ನೋಡಿ ಮಾಡಿದ್ದ, ಬುದ್ಧಿವಂತ. ಬೋರ್ಡಕ್ಕ ಮೇಲಕ್ಕೆ ಕರೆ ಕೊಟ್ಟಳು, ಯಾರೂ ಎತ್ತಲಿಲ್ಲ. ಎತ್ತದಿದ್ದರೆ ಸಂದೇಶ ಬರೆದುಕೊಳ್ಳಬೇಕು, ಓದಿ ಹೇಳಿ ಖಚಿತಪಡಿಸಿಕೊಳ್ಳಬೇಕು. ಅದು ಬೋರ್ಡಿನ ನಿಯಮ.

"ಭಾವನಿಗೆ ಹೇಳಿ ಮೇಡಂ, ವ್ಯಾನಿಗೆ ಬಾಡಿಗೆ ಒಪ್ಕೊಂಡಿಲ್ಲ, ಆ ದಿನಗಳೆಲ್ಲ ಖಾಲಿ ಇಟ್ಟಿದ್ದೀನಿ. ಅಕ್ಕ ಹೊರಟಮೇಲೆ ಒಂದು ಗಂಟೆ ಬಿಟ್ಟು ಹಿಂದೆ ಹೊರಡ್ತೀನಿ. ಅವಳು ಉಳ್ಕೊಳ್ಳೋ ಊರು ಯಾವುದು ಅಂತ ಭಾವ ತಿಳಿಸ್ಲಿ, ನಾನೂ ಅಲ್ಲೇ ಉಳ್ಕೋತೀನಿ, ಕಣ್ಣಿಗೆ ಬೀಳಲ್ಲ. ಪಾಪ, ಒಬ್ಬಳೇ ಹೋಗಿಬಂದೆ ಅಂತ ಅವಳಿಗೆ ಅನ್ನಿಸಿದ್ರೆ ಸಾಕು."

ಬೋರ್ಡಕ್ಕನ ಪೆನ್ನು ನಿಲ್ಲಲಿಲ್ಲ. ಬರೆದದ್ದನ್ನು ಒಂದಕ್ಷರ ಬಿಡದೆ, ಅದೇ ನುಣುಪಿನಲ್ಲಿ, ತಮ್ಮನಿಗೇ ಓದಿ ಹೇಳಿದಳು. ಸರಿಯಾಗಿದೆಯಾ ಎಂದು ಕೇಳಿದಳು. ಸರಿಯಾಗಿದೆ, ಎಷ್ಟು ಚೆನ್ನಾಗಿ ಬರ್ಕೊಂಡ್ರಿ ಮೇಡಂ ಎಂದು ತಮ್ಮ ಮೆಚ್ಚಿಕೊಂಡು ಫೋನಿಟ್ಟ.

ಅನ್ನಿಸಿದ್ರೆ ಸಾಕು ಎನ್ನುವ ಮಾತು ಅವಳನ್ನು ಸುಟ್ಟಿತು. ಮಗುವಿಗೆ ಚಕ್ರ ತಿರುಗುವ ಆಟದ ಸ್ಟೇರಿಂಗು ಕೊಟ್ಟು ಗಾಡಿ ನೀನೇ ಓಡಿಸುತ್ತಿದ್ದೀಯ ಎನ್ನುತ್ತಾರಲ್ಲ, ಹಾಗೆ. ಹಿಂದಿರುಗಿ ಬಂದು ತಾನು ಜಂಬದಿಂದ ಕಥೆ ಹೇಳುವುದು, ಇವರಿಬ್ಬರೂ ಮುಖ ಮುಖ ನೋಡಿಕೊಂಡು ತಲೆ ಆಡಿಸುವುದು, ಎಲ್ಲವೂ ಕಣ್ಣಿಗೆ ಕಟ್ಟಿತು. ಅವಮಾನವಾಯಿತು.

ಬೋರ್ಡನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದಳು. ಲಿಫ್ಟು ರಿಪೇರಿಗೆ ನಿಂತಿತ್ತು, ಇಂಥ ದಿನ ನಿಲ್ಲದೆ ಇರುತ್ತದೆಯೇ. ಮಹಡಿ ಮಹಡಿಗೂ ಗಂಡನ ವಂಶವನ್ನು ಒಂದೊಂದು ತಲೆಮಾರಿನಂತೆ ಬಯ್ಯುತ್ತ ಮೆಟ್ಟಿಲು ಹತ್ತಿದಳು. ಮೇಲಿನ ಯಂತ್ರದ ಕೋಣೆಯಲ್ಲಿ ಮೇಸ್ತ್ರಿ ಮೊಣಕಾಲೂರಿ ಕೂತು, ಹಗ್ಗಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ, ಎಳೆ ಎದ್ದಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದ.

ನಿಮಗೊಂದು ಸಂದೇಶವಿದೆ ಎಂದು ಅವಳು ಬೋರ್ಡಿನ ದನಿಯಲ್ಲೇ ಶುರುಮಾಡಿ ಪೂರ್ತಿ ಓದಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನು ಮೇಸ್ತ್ರಿ. ಅರ್ಧಕ್ಕೇ ಮುಖ ಬಿಳಿಚಿಕೊಂಡಿತು. ತಮ್ಮನದೇನೂ ತಪ್ಪಿಲ್ಲ, ತಾನೇ ಬಲವಂತ ಮಾಡಿದ್ದು ಎಂದ. ಹಗ್ಗ ಒಂದೇ ಇರಬಾರದು ಎಂದೂ ಗೊಣಗಿದ.

"ರೀ, ನಾನು ಲಿಫ್ಟಲ್ಲ," ಎಂದಳು. ಈಗ ಅದು ಮನೆಯ ದನಿ. "ಇಷ್ಟು ವರ್ಷ ಯಾರ್ಯಾರು ಎಲ್ಲೆಲ್ಲಿದ್ದಾರೆ ಅಂತ ಹುಡುಕಿ ಕೊಟ್ಟಿದ್ದೀನಿ. ನಾನು ಎಲ್ಲಿದ್ದೀನಿ ಅಂತ ಯಾರಿಗೂ ಗೊತ್ತಿಲ್ಲದ ಒಂದು ರಾತ್ರಿ ನನಗೆ ಬೇಕು. ನಿಮಗೂ ಗೊತ್ತಿರಬಾರದು."

ಮೇಸ್ತ್ರಿ ಬಹಳ ಹೊತ್ತು ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿದಷ್ಟೂ ಗ್ರೀಸು ಹರಡಿತು.

"ಆ ರಾತ್ರಿ ನಾನೇನು ಮಾಡ್ಲಿ?" ಎಂದ.

ಅಪಘಾತ, ಕಳ್ಳರು, ಪಂಕ್ಚರು, ಚಳಿ, ಎಲ್ಲದಕ್ಕೂ ಬೋರ್ಡಕ್ಕನ ನಾಲಿಗೆಯ ತುದಿಯಲ್ಲಿ ಉತ್ತರವಿತ್ತು. ಈ ಪ್ರಶ್ನೆ ಬರುತ್ತದೆಂದು ಎಣಿಸಿರಲಿಲ್ಲ. ಅದಕ್ಕೇ ಇನ್ನಷ್ಟು ರೇಗಿತು.

"ಮಲ್ಕೊಳ್ಳಿ," ಎಂದು ಹೇಳಿ ಕೆಳಗಿಳಿದಳು.

ಇಳಿಯುವಾಗ ಬೈಗುಳ ಬರಲಿಲ್ಲ. ಮದುವೆಯಾದಾಗಿನಿಂದ ಆ ಮನುಷ್ಯ ಆ ಮನೆಯಲ್ಲಿ ಒಬ್ಬನೇ ಮಲಗಿದ್ದಿಲ್ಲ ಎನ್ನುವುದು ಮೊದಲ ಸಲ ತಲೆಗೆ ಬಂತು. ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದರೆ ಹೋಗುವುದು ನಿಂತಂತೆಯೇ ಎಂದೂ ಅವಳಿಗೆ ಗೊತ್ತಿತ್ತು. ಹೆಂಗಸರ ಅರ್ಧ ಆಯುಷ್ಯ ಈ ಅಯ್ಯೋದಲ್ಲೇ ಮುಳುಗಿಹೋಗುತ್ತದೆ. ಹಲ್ಲು ಕಚ್ಚಿಕೊಂಡು ಬೋರ್ಡಿನ ಮುಂದೆ ಕೂತಳು.

ಆ ವಾರ ಮನೆಯಲ್ಲಿ ಮಾತು ಕಡಿಮೆಯಿತ್ತು. ಮೇಸ್ತ್ರಿ ಅವಳ ಎದುರಿಗೇ ತಮ್ಮನಿಗೆ ಫೋನು ಮಾಡಿ ವ್ಯಾನು ಬೇಡವೆಂದ. ದಿನಕ್ಕಿಷ್ಟು ಎಂದು ಗೋಡೆಯ ಪಿನ್ನುಗಳನ್ನು ಕಿತ್ತ, ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿಕೊಂಡು. ತಮ್ಮ ಕ್ಷಮೆ ಕೇಳಲು ಕರೆ ಮಾಡಿದರೆ ಅವಳು ನುಣುಪು ದನಿಯಲ್ಲಿ ರಾಂಗ್ ನಂಬರ್ ಎಂದು ಇಟ್ಟಳು. ಮಗಳಿಗೆ, ಬೇಕೆನಿಸಿದಾಗ ನಾನೇ ಮಾಡುತ್ತೇನೆ, ಅಲ್ಲಿಯವರೆಗೆ ಮೊಬೈಲು ಆಫ್ ಎಂದು ತಿಳಿಸಿದಳು.

ಹೊರಡುವ ಬೆಳಿಗ್ಗೆ ತಣ್ಣಗೆ ಗಾಳಿಯಿತ್ತು. ಮೇಸ್ತ್ರಿ ಚೈನು ನೋಡಿದ, ಬ್ರೇಕು ನೋಡಿದ, ಗಾಳಿ ನೋಡಿದ, ಮತ್ತೆ ಚೈನು ನೋಡಿದ. ಚೀಲದಲ್ಲಿ ಎರಡು ಕ್ಲಚ್ ಕೇಬಲ್ ತುರುಕಿದ. ಒಂದು ಸಾಲದೇ ಎಂದು ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಯಾವ ದಾರಿ ಎಂದು ಅವನು ಕೇಳಲಿಲ್ಲ. ಕೇಳದಿರಲು ಪಡುತ್ತಿದ್ದ ಪಾಡು ಮುಖದ ಮೇಲೆ ಕಾಣುತ್ತಿತ್ತು. ಹುಷಾರು ಎಂದ ಅಷ್ಟೇ.

ಗಾಡಿ ಗುಡುಗುಡಿಸಿತು. ನಾಲ್ಕು ಮನೆ ದಾಟಿ ಕನ್ನಡಿಯಲ್ಲಿ ನೋಡಿದರೆ ಗೇಟಿನಲ್ಲಿ ಯಾರೂ ಇಲ್ಲ. ಬಾಗಿಲೂ ಮುಚ್ಚಿತ್ತು. ಬೋರ್ಡಕ್ಕನಿಗೆ ಮೈ ಉರಿಯಿತು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ದೇಶದ ಆ ತುದಿಗೆ ಹೊರಟಿದ್ದಾಳೆ, ಬೀದಿ ದಾಟುವವರೆಗೆ ನಿಲ್ಲಲಾಗಲಿಲ್ಲವೇ ಈ ಮಹಾರಾಯನಿಗೆ? ದಿನಾ ಬೆಳಗಿನ ಪಾಳಿಗೆ ಅವನಿಗಿಂತ ಮುಂಚೆ ಹೊರಡುವಾಗ ನಿಲ್ಲುತ್ತಿದ್ದನಲ್ಲ, ತಿರುವಿನಲ್ಲಿ ತಾನು ಮರೆಯಾಗುವವರೆಗೆ?

ಬೀದಿಯ ಕೊನೆಗೆ ಬಂದು ಗಾಡಿ ನಿಲ್ಲಿಸಿದಳು. ಎಡಕ್ಕೆ ಹೋದರೆ ಬೆಟ್ಟದ ದಾರಿ, ಬಲಕ್ಕೆ ಹೋದರೆ ಬಯಲಿನ ಹೆದ್ದಾರಿ. ಅಲ್ಲಿಂದ ತಿರುಗಿ ಮನೆಯ ಕಡೆ ನೋಡಿದಳು. ಗೇಟು ನೆಟ್ಟಗೆ ಕಾಣುತ್ತಿತ್ತು. ಅಂದರೆ ಗೇಟಿನಲ್ಲಿ ನಿಂತವನಿಗೆ ಈ ತಿರುವೂ ಅಷ್ಟೇ ನೆಟ್ಟಗೆ ಕಾಣುತ್ತದೆ. ಅವಳು ಎಡಕ್ಕೆ ಹೋದಳೋ ಬಲಕ್ಕೆ ಹೋದಳೋ ಕಾಣಬಾರದೆಂದೇ ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ.

ಹೆಲ್ಮೆಟ್ಟಿನೊಳಗೆ ಅವಳ ಕಣ್ಣು ತುಂಬಿತು. ಈ ಮನುಷ್ಯನನ್ನು ಇಟ್ಟುಕೊಂಡು ಏನು ಮಾಡುವುದು, ನೆಮ್ಮದಿಯಾಗಿ ಬೈದುಕೊಂಡು ಹೋಗಲೂ ಬಿಡುವುದಿಲ್ಲವಲ್ಲ ಎಂದು ಅಳುತ್ತಲೇ ಸಿಟ್ಟಾದಳು. ಒಮ್ಮೆ ಹಾರನ್ ಒತ್ತಿದರೆ ಬಾಗಿಲು ತೆರೆದು ಓಡಿಬರುತ್ತಾನೆಂದು ಗೊತ್ತಿತ್ತು. ಒತ್ತಲಿಲ್ಲ. ಕಣ್ಣು ಒರೆಸಿಕೊಂಡು, ಇಂಡಿಕೇಟರ್ ಹಾಕಿ ತಿರುಗಿದಳು. ಯಾವ ಕಡೆಗೆ ಎಂದು ಇಲ್ಲಿ ಬರೆಯುವುದು ಬೇಡ.