ಅಮಾವಾಸ್ಯೆಯ ಆರತಿ ಮತ್ತು ಹಳೆಯ ಹಾರ್ಡ್ ಡಿಸ್ಕ್

ಎರಡು ವರ್ಷದ ಹಿಂದಿನ ಬೇಸಿಗೆ. ನರಗುಂದದಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಹದಿನೆಂಟು ವರ್ಷವಾಗಿತ್ತು. ನನಗೆ ಬಾರದ ರಿಪೇರಿಯಿಲ್ಲ ಎಂಬ ಸೊಕ್ಕೂ ಅಷ್ಟೇ ಬೆಳೆದಿತ್ತು.

ಜಕ್ಕಲಿಯಲ್ಲಿ ಝೆರಾಕ್ಸ್ ಅಂಗಡಿ ನಡೆಸುವ ಗಂಗವ್ವ ಫೋನ್ ಮಾಡಿ, ಕಂಪ್ಯೂಟರ್ ಚಾಲೂ ಆಗಲು ಹತ್ತು ನಿಮಿಷ ಹಿಡಿಯುತ್ತದೆ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಕೊಡಿ ಎಂದರು. ಹೋಗಿ ಕಿವಿಗೊಟ್ಟೆ. ಹನ್ನೊಂದು ವರ್ಷದ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿತ್ತು. ಅದರೊಳಗೆ ತಟ್ಟೆ ತಿರುಗುತ್ತದೆ; ಅದನ್ನು ಓದುವ ಹೆಡ್ ತಟ್ಟೆಗೆ ತಾಗಿತೋ, ಮುಗಿಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದೇನೂ ಇಲ್ಲ, ಅದಕ್ಕೇ ಅದು ಚುರುಕು.

ಡಿಸ್ಕಿನಲ್ಲಿ ಏನಿದೆ ಎಂದು ಕೇಳಿದೆ. ಗಂಗವ್ವನ ತೀರಿಹೋದ ತಾಯಿ ಹಾಡಿದ ನಲವತ್ತು ಸೋಬಾನ ಪದಗಳು. ಬೇರೆಲ್ಲೂ ನಕಲಿಲ್ಲ. ಹನ್ನೆರಡು ದಿನಕ್ಕೆ ಮಗಳ ಮದುವೆ; ಅರಿಷಿಣ ಹಚ್ಚುವಾಗ ಅಜ್ಜಿಯ ದನಿಯೇ ಕೇಳಬೇಕೆಂದು ಆಕೆಯ ಹಟ.

ಎಸ್‌ಎಸ್‌ಡಿ ಹುಬ್ಬಳ್ಳಿಯಿಂದ ಬರಬೇಕಿತ್ತು. ಬಂದ ಮೇಲೆ ಹಾಡು ನಕಲು ಮಾಡುವುದು, ಡಿಸ್ಕ್ ಬದಲಿಸುವುದು ಎಲ್ಲ ಒಟ್ಟಿಗೇ ಮಾಡಿದರಾಯಿತು ಎಂದು ಡಿಸ್ಕನ್ನು ಅಲ್ಲೇ ಬಿಟ್ಟೆ. "ಅಕ್ಕಾರ, ನಾ ಬರೂಮಟ ಒಮ್ಮಿನೂ ಚಾಲೂ ಮಾಡಬ್ಯಾಡ್ರಿ" ಎಂದು ಹೇಳಿ ಬಂದೆ.

ಮೂರನೆಯ ದಿನ ಹೋದಾಗ ಕಂಪ್ಯೂಟರಿನ ಮೇಲೆ ಕುಂಕುಮ, ಬಾಡಿದ ಹೂವು. ಹಿಂದಿನ ದಿನ ಅಮಾವಾಸ್ಯೆ. ನಮ್ಮ ಕಡೆ ಅಂಗಡಿ ಪೂಜೆ ತಪ್ಪಿಸುವವರಿಲ್ಲ.

"ಬಂದ್ ಇದ್ದ ಮಷೀನಿಗೆ ಆರತಿ ಹ್ಯಾಂಗ ಬೆಳಗೂದ್ರಿ? ಐದ ನಿಮಿಷ ಚಾಲೂ ಮಾಡಿದ್ನಿ. ಕರ್ ಅಂದು ಸುಮ್ಮನಾತು" ಎಂದರು ಗಂಗವ್ವ.

ಬೈಯುವ ಹಕ್ಕು ನನಗಿರಲಿಲ್ಲ. ಅದೇ ಹೊತ್ತಿಗೆ ನನ್ನ ಅಂಗಡಿಯಲ್ಲೂ ಎಲ್ಲ ಮಷೀನು ಚಾಲೂ ಮಾಡಿಯೇ ಆರತಿ ಬೆಳಗಿದ್ದೆ. ಅಮಾವಾಸ್ಯೆ ಬಂತೆಂದು ಗೊತ್ತಿದ್ದೂ ನಾಲ್ಕು ಸ್ಕ್ರೂ ಬಿಚ್ಚಿ ಡಿಸ್ಕ್ ತಾರದವನು ನಾನೇ.

ಕೆಟ್ಟ ಡಿಸ್ಕಿನಿಂದ ಹಾಡು ಹೊರತೆಗೆಸಲು ಹುಬ್ಬಳ್ಳಿಗೆ ಒಯ್ದೆ, ಬೆಂಗಳೂರಿಗೆ ಕಳಿಸಿದೆ. ತಟ್ಟೆಯ ಮೇಲೆ ಗೆರೆ ಬಿದ್ದಿದೆ, ಏನೂ ಉಳಿದಿಲ್ಲ ಎಂದು ಎರಡೂ ಕಡೆಯವರು ಕೈ ಚೆಲ್ಲಿದರು. ಹದಿನೆಂಟು ವರ್ಷದ ಅನುಭವ ಯಾವ ಮೂಲೆಗೂ ಸಾಲಲಿಲ್ಲ.

ಮದುವೆಗೆ ಎರಡು ದಿನವಿರುವಾಗ ಎಸ್‌ಎಸ್‌ಡಿ ಹಾಕಿಕೊಟ್ಟೆ. ಕಂಪ್ಯೂಟರ್ ಹದಿನೈದು ಸೆಕೆಂಡಿಗೆ ತೆರೆದುಕೊಂಡಿತು. ಗಂಗವ್ವ ಖಾಲಿ ಪರದೆಯನ್ನು ನೋಡುತ್ತ ನಿಂತರು.

"ಭಾಳ ಲಗೂ ಆತ್ರಿ, ಖರೇ. ಆದ್ರ ಇದರಾಗ ನಮ್ಮವ್ವ ಇಲ್ಲಲ್ರಿ, ಅಣ್ಣಾರ."

ಕೆಟ್ಟ ಮೇಲೆ ಬುದ್ಧಿ ಬಂತು. ಈಗ ಎಲ್ಲೇ ಹೋಗಲಿ, ಟಕ್ ಟಕ್ ಕೇಳಿದರೆ ಮೊದಲು ಡಿಸ್ಕ್ ಬಿಚ್ಚಿ ಚೀಲಕ್ಕೆ ಹಾಕುತ್ತೇನೆ, ಮಾತು ಆಮೇಲೆ. ಆ ಮದುವೆಗೆ ನಾನೂ ಹೋಗಿದ್ದೆ. ಅರಿಷಿಣ ಹಚ್ಚುವಾಗ ಯಾರೂ ಹಾಡಲಿಲ್ಲ.